ಗಾಡಿ ನಿಂತೈತಿ, ಇಂಜಿನ್ ಯಾಕ ಒದರಾಕತ್ತೈತಿ?

ಹೋದ ಸೆಮಿಸ್ಟರ್‌ನಲ್ಲಿ ನಮ್ಮ ಬ್ಯಾಚ್ ಹುಬ್ಬಳ್ಳಿ ಡೀಸೆಲ್ ಲೋಕೋ ಶೆಡ್‌ಗೆ ಇಂಡಸ್ಟ್ರಿಯಲ್ ವಿಸಿಟ್ ಹೋಗಿತ್ತು. ಮೆಕ್ಯಾನಿಕಲ್‌ನವರು ಅರ್ಧ, ಎಲೆಕ್ಟ್ರಿಕಲ್‌ನವರು ಅರ್ಧ. ಒಳಗೆ ಕಾಲಿಡುತ್ತಲೇ ಕಿವಿ ಮುಚ್ಚಿಕೊಳ್ಳುವಂಥ ಸದ್ದು. ಒಂದು ಲೋಕೋ ನಿಂತಲ್ಲೇ ನಿಂತು ಗರ್ಜಿಸುತ್ತಿತ್ತು. ಗಾಲಿ ಮಾತ್ರ ಅಲುಗುತ್ತಿರಲಿಲ್ಲ.

ನಮಗೆ ಶೆಡ್ ತೋರಿಸುತ್ತಿದ್ದ ಹಿರಿಯರೊಬ್ಬರು ನಮ್ಮ ಕಡೆ ತಿರುಗಿ, ‘ನೋಡ್ರಿಪಾ ಇಂಜಿನಿಯರ್ ಸಾಹೇಬ್ರ, ಇಂಜಿನ್ ಎಂಟನೇ ನಾಚ್‌ನ್ಯಾಗ ಐತಿ. ಪೂರಾ ಲೋಡ್ ತಗೊಂಡೈತಿ. ಗಾಲಿ ಒಂದಿಂಚೂ ಸರಿದಿಲ್ಲ. ಯಾಕ ಹೇಳ್ರಿ?’ ಅಂದರು.

ನಾನು ಮುಂದೆ ನಿಂತಿದ್ದೆ. ಗಟ್ಟಿಯಾಗಿಯೇ ಹೇಳಿದೆ: ‘ಕ್ಲಚ್ ಹಿಡಿದಿರ್ತಾರ್ರೀ ಸರ್.’

ಅವರು ನಕ್ಕರು. ‘ಕ್ಲಚ್ ಎಲ್ಲೈತಿ, ತೋರಸ್ರಿ ನೋಡೂಣು. ಮತ್ತ ಕ್ಲಚ್ ಹಿಡಿದ್ರ ಇಂಜಿನ್ ಮ್ಯಾಲ ಲೋಡ್ ಇರೂದಿಲ್ಲಲ್ಲ? ಲೋಡ್ ಐತಿ ಅಂತ ಹೇಳೇನಿ. ನಾಲ್ಕು ಸಾವಿರ ಹಾರ್ಸ್‌ಪವರ್ ಎಲ್ಲಿ ಹೊಂಟೈತಿ?’

ಅರವತ್ತು ಮಂದಿಯಲ್ಲಿ ಒಬ್ಬರೂ ಉತ್ತರ ಹೇಳಲಿಲ್ಲ. ಮೆಕ್ಯಾನಿಕಲ್‌ನವರು ‘ಇದು ಎಲೆಕ್ಟ್ರಿಕಲ್ ಪ್ರಶ್ನೆ’ ಅಂತ ಸುಮ್ಮನಾದರು, ಎಲೆಕ್ಟ್ರಿಕಲ್‌ನವರು ‘ಡೀಸೆಲ್ ಇಂಜಿನ್ ನಮ್ಮ ಸಿಲಬಸ್ ಅಲ್ಲ’ ಅಂತ ಸುಮ್ಮನಾದರು. ಅವತ್ತಿನ ಆ ಮುಜುಗರದಿಂದ ಹುಟ್ಟಿದ್ದು ಈ ಲೇಖನ. ಅವರ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಲೋಕೋದ ಒಳಗೆ ಶಕ್ತಿ ಯಾವ ದಾರಿಯಲ್ಲಿ ಹೋಗುತ್ತದೆ ಅಂತ ಮೊದಲಿನಿಂದ ನೋಡಬೇಕು.

ಯಾವ ಲೋಕೋ?

ಹುಬ್ಬಳ್ಳಿಗೂ ರೈಲಿಗೂ ಹಳೆಯ ನಂಟು. ಸದರ್ನ್ ಮರಾಠಾ ರೈಲ್ವೆಯ ಕಾಲದಲ್ಲಿ, 1885ರಲ್ಲಿ, ಇಲ್ಲಿ ವರ್ಕ್‌ಶಾಪ್ ಶುರುವಾಯಿತು. 2003ರಿಂದ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿಯೂ ಇಲ್ಲೇ. ಡೀಸೆಲ್ ವಿಷಯದಲ್ಲಿ ನಮ್ಮ ಊರಿಗೆ ಇನ್ನೊಂದು ಹೆಮ್ಮೆ ಇದೆ. 1990ರ ದಶಕದ ಕೊನೆಗೆ ಭಾರತೀಯ ರೈಲ್ವೆ ಅಮೆರಿಕದ ಜನರಲ್ ಮೋಟಾರ್ಸ್‌ನ ಇಎಂಡಿ ವಿಭಾಗದಿಂದ ಹೊಸ ಬಗೆಯ ಲೋಕೋ ತರಿಸಿತು. ಅದೇ ಡಬ್ಲ್ಯೂಡಿಜಿ-4. ಡಬ್ಲ್ಯೂ ಅಂದ್ರೆ ಬ್ರಾಡ್‌ಗೇಜ್, ಡಿ ಅಂದ್ರೆ ಡೀಸೆಲ್, ಜಿ ಅಂದ್ರೆ ಗೂಡ್ಸ್. ಆ ಲೋಕೋಗಳ ಮೊದಲ ನೆಲೆ ಹುಬ್ಬಳ್ಳಿ ಶೆಡ್. ಅದರ ಪ್ಯಾಸೆಂಜರ್ ತಮ್ಮ ಡಬ್ಲ್ಯೂಡಿಪಿ-4 ಕೂಡ ಮೊದಲು ಬಂದದ್ದು ಇಲ್ಲಿಗೇ. ಆಮೇಲೆ ವಾರಾಣಸಿಯ ಕಾರ್ಖಾನೆಯಲ್ಲಿ ಇವು ತಯಾರಾಗತೊಡಗಿದವು.

ಅದಕ್ಕೂ ಮೊದಲು ದೇಶದ ತುಂಬ ಓಡುತ್ತಿದ್ದದ್ದು 1962ರಲ್ಲಿ ಅಮೆರಿಕದ ಆಲ್ಕೋ ಕಂಪನಿಯಿಂದ ಬಂದ ಡಬ್ಲ್ಯೂಡಿಎಂ-2. ಅದರ ಶಕ್ತಿ 2600 ಹಾರ್ಸ್‌ಪವರ್. ಹಳೆಯದಕ್ಕೂ ಹೊಸದಕ್ಕೂ ಏನು ವ್ಯತ್ಯಾಸ ಅನ್ನೋದನ್ನ ಮುಂದೆ ನೋಡೋಣ. ಇಲ್ಲಿ ನಾನು ಹಿಡಿದುಕೊಂಡಿರುವ ಉದಾಹರಣೆ 4000 ಹಾರ್ಸ್‌ಪವರಿನ ಡಬ್ಲ್ಯೂಡಿಜಿ-4.

ಗೇರ್‌ಬಾಕ್ಸ್ ಯಾಕಿಲ್ಲ?

ಯಲ್ಲಾಪುರ ದಾಟಿ ಅಂಕೋಲಾ ಕಡೆ ಹೋಗುವಾಗ ಅರಬೈಲ್ ಘಟ್ಟ ಬರುತ್ತದಲ್ಲ, ಅಲ್ಲಿ ಮೇಲೆ ಹತ್ತುವ ಬಸ್ಸಿನ ಸದ್ದು ನೆನಪಿಸಿಕೊಳ್ಳಿ. ಡ್ರೈವರ್ ಮೂರರಿಂದ ಎರಡಕ್ಕೆ ಇಳಿಸುತ್ತಾನೆ, ಒಂದು ಕ್ಷಣ ಎಳೆತ ನಿಲ್ಲುತ್ತದೆ, ಬಸ್ಸು ಜಗ್ಗುತ್ತದೆ, ಮತ್ತೆ ಏರುತ್ತದೆ. ಹದಿನೈದು ಟನ್ನಿನ ಬಸ್ಸಿಗೆ ಇದು ನಡೆಯುತ್ತದೆ. ಐದು ಸಾವಿರ ಟನ್ನಿನ ಗೂಡ್ಸ್ ಗಾಡಿಗೆ?

ತೊಂದರೆ ಎರಡು. ಒಂದು, ಡೀಸೆಲ್ ಇಂಜಿನ್ ಸೊನ್ನೆ ವೇಗದಲ್ಲಿ ತಿರುಗಲಾರದು. ನಮ್ಮ ಲೋಕೋದ ಇಂಜಿನ್ ಐಡಲ್‌ನಲ್ಲೇ ಸುಮಾರು 270 ಆರ್‌ಪಿಎಂ ಇರುತ್ತದೆ. ಗಾಲಿ ಮಾತ್ರ ಸೊನ್ನೆಯಿಂದ ಶುರುವಾಗಬೇಕು. ಇವೆರಡರ ನಡುವೆ ಕ್ಲಚ್ ಹಾಕಿದರೆ ಅದು ಜಾರುತ್ತಾ ಇರಬೇಕು. ಬಸ್ಸಿನ ಕ್ಲಚ್ ಜಾರುವುದು ಎರಡು ಮೂರು ಸೆಕೆಂಡ್. ರೈಲು ವೇಗ ಹಿಡಿಯಲು ನಿಮಿಷಗಟ್ಟಲೆ ಬೇಕು. ಅಷ್ಟು ಹೊತ್ತು ಸಾವಿರಾರು ಕಿಲೋವ್ಯಾಟ್ ಉಜ್ಜಿಸಿಕೊಂಡು ಉಳಿಯುವ ಕ್ಲಚ್ ಪ್ಲೇಟ್ ಇಲ್ಲ. ಎರಡು, ಗೇರ್ ಬದಲಾಯಿಸುವಾಗ ಎಳೆತ ಒಂದು ಕ್ಷಣ ನಿಂತರೂ ಏರಿನಲ್ಲಿ ಗಾಡಿ ನಿಂತೇ ಬಿಡಬಹುದು, ಐವತ್ತೆಂಟು ವ್ಯಾಗನ್‌ಗಳ ಕೊಂಡಿಗಳಲ್ಲಿ ಝಟಕಾ ಬೀಳುತ್ತದೆ.

ಚಿಕ್ಕ ಲೋಕೋಗಳಲ್ಲಿ ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಡೀಸೆಲ್-ಹೈಡ್ರಾಲಿಕ್ ಪದ್ಧತಿ ಇದೆ. ಕಾಲ್ಕಾ-ಶಿಮ್ಲಾ ಸಣ್ಣ ಗೇಜಿನ ಲೋಕೋಗಳು ಅಂಥವು. ದೊಡ್ಡ ಲೋಕೋಗಳಿಗೆ ನಮ್ಮ ದೇಶದಲ್ಲಿ ಗಟ್ಟಿಯಾಗಿ ನಿಂತದ್ದು ಡೀಸೆಲ್-ಎಲೆಕ್ಟ್ರಿಕ್.

ಅದರ ಉಪಾಯ ಸರಳ: ಇಂಜಿನ್ನಿಗೂ ಗಾಲಿಗೂ ಯಾಂತ್ರಿಕ ಸಂಬಂಧವೇ ಬೇಡ. ಇಂಜಿನ್ ಕರೆಂಟ್ ತಯಾರಿಸಲಿ, ಕರೆಂಟ್ ಗಾಲಿ ತಿರುಗಿಸಲಿ. ಅಂದ್ರೆ ಡೀಸೆಲ್ ಲೋಕೋ ಅನ್ನೋದು ತನ್ನ ಪವರ್‌ಹೌಸನ್ನು ತಾನೇ ಹೊತ್ತು ತಿರುಗುವ ಎಲೆಕ್ಟ್ರಿಕ್ ಲೋಕೋ. ಈ ಒಂದು ಮಾತು ತಲೆಗೆ ಹೋದರೆ ಉಳಿದದ್ದೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಪವರ್‌ಹೌಸ್: 16 ಸಿಲಿಂಡರ್, ಟೂ ಸ್ಟ್ರೋಕ್

ಇಂಜಿನ್ನಿನ ಹೆಸರು 710. ಒಂದೊಂದು ಸಿಲಿಂಡರ್ 710 ಘನ ಇಂಚು, ಅಂದ್ರೆ ಸುಮಾರು 11.6 ಲೀಟರ್. ಹಾಸ್ಟೆಲ್‌ನ 20 ಲೀಟರ್ ನೀರಿನ ಕ್ಯಾನಿನ ಅರ್ಧಕ್ಕಿಂತ ಜಾಸ್ತಿ. ಅಂಥವು ‘ವಿ’ ಆಕಾರದಲ್ಲಿ ಹದಿನಾರು. ಒಟ್ಟು 186 ಲೀಟರ್. ಸುಮಾರು 1,900 ಸ್ಪ್ಲೆಂಡರ್ ಬೈಕುಗಳ ಇಂಜಿನ್ ಸೇರಿಸಿದಷ್ಟು.

ಇದು ಟೂ ಸ್ಟ್ರೋಕ್ ಇಂಜಿನ್. ಟೂ ಸ್ಟ್ರೋಕ್ ಅಂದ ಕೂಡಲೇ ಹಳೆಯ ಯಮಹಾ ಆರ್‌ಎಕ್ಸ್ 100 ನೆನಪಾದರೆ ತಪ್ಪಲ್ಲ. ಆದರೆ ಇಲ್ಲಿ ಪೆಟ್ರೋಲ್‌ಗೆ ಆಯಿಲ್ ಬೆರೆಸುವ ಕಥೆ ಇಲ್ಲ. ಸಿಲಿಂಡರ್ ಲೈನರ್‌ನ ಕೆಳಭಾಗದಲ್ಲಿ ಸುತ್ತಲೂ ಕಿಂಡಿಗಳಿವೆ. ಪಿಸ್ಟನ್ ಕೆಳಗಿಳಿದಾಗ ಅವು ತೆರೆದು ತಾಜಾ ಗಾಳಿ ಒಳನುಗ್ಗುತ್ತದೆ. ತಲೆಯ ಮೇಲಿರುವ ನಾಲ್ಕು ಎಕ್ಸಾಸ್ಟ್ ವಾಲ್ವ್‌ಗಳಿಂದ ಹೊಗೆ ಹೊರಹೋಗುತ್ತದೆ. ಗಾಳಿ ಕೆಳಗಿನಿಂದ ಮೇಲಕ್ಕೆ ಒಂದೇ ದಿಕ್ಕಿನಲ್ಲಿ ಹೋಗುವುದರಿಂದ ಇದಕ್ಕೆ ಯೂನಿಫ್ಲೋ ಅಂತಾರೆ. ಡೀಸೆಲ್ ಸಿಂಪಡಿಸುವುದು ಕಿಂಡಿ, ವಾಲ್ವ್ ಎಲ್ಲ ಮುಚ್ಚಿ ಗಾಳಿ ಒತ್ತಿ ಬಿಸಿಯಾದ ಮೇಲೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಫೋರ್ ಸ್ಟ್ರೋಕ್ ಇಂಜಿನ್ ತನ್ನ ಗಾಳಿಯನ್ನು ತಾನೇ ಎಳೆದುಕೊಳ್ಳುತ್ತದೆ. ಇದು ಎಳೆದುಕೊಳ್ಳಲಾರದು, ಯಾರಾದರೂ ತಳ್ಳಬೇಕು. ಆ ಕೆಲಸ ಟರ್ಬೋಚಾರ್ಜರ್‌ದು. ಆದರೆ ಸ್ಟಾರ್ಟ್ ಮಾಡುವಾಗ, ಕೆಳಗಿನ ನಾಚ್‌ಗಳಲ್ಲಿ, ಟರ್ಬೋ ತಿರುಗಿಸುವಷ್ಟು ಹೊಗೆ ಇರುವುದಿಲ್ಲ. ಹಾಗಾಗಿ ಇಎಂಡಿ ಟರ್ಬೋವನ್ನು ಗೇರ್‌ಗಳ ಮೂಲಕ ಇಂಜಿನ್ನೇ ತಿರುಗಿಸುತ್ತದೆ. ಹೊಗೆಯ ಶಕ್ತಿ ಸಾಕಾದಾಗ ಒಂದು ಒನ್-ವೇ ಕ್ಲಚ್ ತಾನಾಗಿ ಬಿಟ್ಟುಕೊಡುತ್ತದೆ, ಟರ್ಬೋ ಸ್ವತಂತ್ರವಾಗಿ ಓಡುತ್ತದೆ. ಸೈಕಲ್‌ನ ಫ್ರೀವ್ಹೀಲ್ ಇದ್ದ ಹಾಗೆ. ನಾನು ಹೇಳಿದ ‘ಕ್ಲಚ್’ ಇದ್ದದ್ದು ಇಲ್ಲಿ. ನಾನು ತೋರಿಸಬೇಕಿದ್ದ ಜಾಗ ಮಾತ್ರ ಬೇರೆ!

ಲೋಕೋ ಪೈಲಟ್‌ನ ಕೈಯಲ್ಲಿರುವ ಥ್ರಾಟಲ್‌ಗೆ ಎಂಟು ನಾಚ್. ಎಂಟನೆಯದರಲ್ಲಿ ಇಂಜಿನ್ 904 ಆರ್‌ಪಿಎಂ. ಟೂ ಸ್ಟ್ರೋಕ್ ಆದ್ದರಿಂದ ಪ್ರತಿ ಸುತ್ತಿಗೂ ಪ್ರತಿ ಸಿಲಿಂಡರ್ ಉರಿಯುತ್ತದೆ, ಸೆಕೆಂಡಿಗೆ ಸುಮಾರು 240 ಸ್ಫೋಟ. ಪ್ಲಾಟ್‌ಫಾರ್ಮ್ ಮೇಲೆ ನಿಂತಾಗ ಎದೆಗೆ ಬಡಿಯುವ ಆ ಗುಡುಗು ಅದೇ.

ಆಲ್ಟರ್ನೇಟರ್‌ನಿಂದ ಗಾಲಿಯವರೆಗೆ

ಈಗ ಶಕ್ತಿಯ ಹಿಂದೆ ನಡೆಯೋಣ. ಇಂಜಿನ್ನಿನ ಕ್ರ್ಯಾಂಕ್‌ಶಾಫ್ಟಿಗೆ ನೇರವಾಗಿ ಟ್ರ್ಯಾಕ್ಷನ್ ಆಲ್ಟರ್ನೇಟರ್ ಜೋಡಿಸಿದೆ. ಅದು ಮೂರು ಫೇಸ್ ಎಸಿ ಕೊಡುತ್ತದೆ. ಅದರ ಜೊತೆಗೇ ಇರುವ ಚಿಕ್ಕ ಆಲ್ಟರ್ನೇಟರ್ ರೇಡಿಯೇಟರ್ ಫ್ಯಾನ್‌, ಬ್ಲೋಯರ್‌ಗಳಂಥವನ್ನು ನೋಡಿಕೊಳ್ಳುತ್ತದೆ.

ಆ ಎಸಿಯನ್ನು ಡಯೋಡ್ ರೆಕ್ಟಿಫೈಯರ್ ಡಿಸಿ ಮಾಡುತ್ತದೆ. ಇದಕ್ಕೆ ಡಿಸಿ ಲಿಂಕ್ ಅಂತಾರೆ, ಗರಿಷ್ಠ ಸುಮಾರು 2600 ವೋಲ್ಟ್. ಅಲ್ಲಿಂದ ಎರಡು ಇನ್ವರ್ಟರ್‌ಗಳು, ಒಂದೊಂದು ಬೋಗಿಗೆ ಒಂದೊಂದು, ಮತ್ತೆ ಮೂರು ಫೇಸ್ ಎಸಿ ಮಾಡುತ್ತವೆ. ಪ್ರತಿ ಬೋಗಿಯಲ್ಲಿ ಮೂರು ಇಂಡಕ್ಷನ್ ಮೋಟಾರ್. ಒಟ್ಟು ಆರು ಆಕ್ಸಲ್, ಆರು ಮೋಟಾರ್. ಮೋಟಾರಿನ 17 ಹಲ್ಲಿನ ಪಿನಿಯನ್ ಆಕ್ಸಲ್‌ನ 90 ಹಲ್ಲಿನ ಗೇರ್ ತಿರುಗಿಸುತ್ತದೆ. ಇಡೀ ಲೋಕೋದ ಎಳೆತಕ್ಕೆ ಇರುವುದು ಈ ಒಂದೇ ಗೇರ್ ಅನುಪಾತ, ಬದಲಾಗುವುದಿಲ್ಲ.

‘ಎಸಿ ಇದ್ದದ್ದನ್ನ ಡಿಸಿ ಮಾಡಿ ಮತ್ತೆ ಎಸಿ ಯಾಕೆ?’ ಅಂತ ನನಗೂ ಅನಿಸಿತ್ತು. ಇಡೀ ವಿಷಯದ ಜೀವಾಳ ಇಲ್ಲೇ ಇದೆ. ಆಲ್ಟರ್ನೇಟರ್‌ನ ಫ್ರೀಕ್ವೆನ್ಸಿ ಇಂಜಿನ್ನಿನ ವೇಗಕ್ಕೆ ಕಟ್ಟುಬಿದ್ದದ್ದು. ಮೋಟಾರಿಗೆ ಬೇಕಾದ ಫ್ರೀಕ್ವೆನ್ಸಿ ಗಾಲಿಯ ವೇಗಕ್ಕೆ ಕಟ್ಟುಬಿದ್ದದ್ದು. ಎರಡನ್ನೂ ನೇರವಾಗಿ ಜೋಡಿಸಿದರೆ ಮತ್ತೆ ಗೇರಿನ ಗೋಳೇ. ನಡುವೆ ಡಿಸಿ ಇಟ್ಟರೆ ಡಿಸಿಗೆ ಫ್ರೀಕ್ವೆನ್ಸಿಯೇ ಇಲ್ಲ. ಇತ್ತ ಇಂಜಿನ್ ಎಷ್ಟರಲ್ಲಾದರೂ ತಿರುಗಲಿ, ಅತ್ತ ಗಾಲಿ ಸೊನ್ನೆಯಲ್ಲಿ ನಿಂತಿರಲಿ, ಜಗಳವಿಲ್ಲ.

ಎಲೆಕ್ಟ್ರಿಕಲ್ ಲ್ಯಾಬಿನಲ್ಲಿ ಇಂಡಕ್ಷನ್ ಮೋಟಾರನ್ನು ನೇರವಾಗಿ 50 ಹರ್ಟ್ಸ್‌ಗೆ ಕೊಟ್ಟರೆ ಆರೇಳು ಪಟ್ಟು ಕರೆಂಟ್ ಎಳೆಯುವುದನ್ನು ನೋಡಿದ್ದೀರಿ. ಇಲ್ಲಿ ಇನ್ವರ್ಟರ್ ಗಾಡಿ ಹೊರಡುವಾಗ ಒಂದೆರಡು ಹರ್ಟ್ಸ್‌ನಿಂದ, ಕಡಿಮೆ ವೋಲ್ಟೇಜಿನಿಂದ ಶುರುಮಾಡುತ್ತದೆ. ಸ್ಲಿಪ್ ಚಿಕ್ಕದಾಗಿಯೇ ಉಳಿಯುತ್ತದೆ, ಟಾರ್ಕ್ ಪೂರ್ತಿ ಸಿಗುತ್ತದೆ, ಮೋಟಾರ್ ಸುಡುವುದಿಲ್ಲ. ಗಾಡಿ 100 ಕಿಲೋಮೀಟರ್ ವೇಗದಲ್ಲಿದ್ದಾಗ ಲೆಕ್ಕ ಹಾಕಿ: 1092 ಮಿಲಿಮೀಟರ್ ವ್ಯಾಸದ ಗಾಲಿ ನಿಮಿಷಕ್ಕೆ ಸುಮಾರು 486 ಸುತ್ತು, ಮೋಟಾರ್ ಸುಮಾರು 2,570 ಸುತ್ತು. ನಾಲ್ಕು ಪೋಲ್ ಅಂತ ಹಿಡಿದರೆ 86 ಹರ್ಟ್ಸ್ ಆಸುಪಾಸು.

ಹಳೆಯ ಡಬ್ಲ್ಯೂಡಿಎಂ-2ನಲ್ಲಿ ಇದ್ದದ್ದು ಡಿಸಿ ಜನರೇಟರ್, ಡಿಸಿ ಸೀರೀಸ್ ಮೋಟಾರ್. ಅವುಗಳ ಕಾಮ್ಯುಟೇಟರ್, ಕಾರ್ಬನ್ ಬ್ರಷ್ ಸವೆಯುತ್ತಿದ್ದವು, ಕಿಡಿ ಹಾರುತ್ತಿದ್ದವು. ಇಂಡಕ್ಷನ್ ಮೋಟಾರಿನಲ್ಲಿ ಬ್ರಷ್ಷೇ ಇಲ್ಲ.

ಹಾಗಾದ್ರೆ ಗೇರಿನ ಕೆಲಸ ಯಾರದು?

ಹೈಸ್ಕೂಲಿನ ಸೂತ್ರ: ಶಕ್ತಿ = ಬಲ × ವೇಗ. 4000 ಹಾರ್ಸ್‌ಪವರ್ ಅಂದ್ರೆ ಸುಮಾರು 2,980 ಕಿಲೋವ್ಯಾಟ್. ದಾರಿಯಲ್ಲಿ ಸೋರಿಹೋಗಿ ಗಾಲಿಗೆ 2,500 ಮುಟ್ಟುತ್ತದೆ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳೋಣ.

ಗಂಟೆಗೆ 22.5 ಕಿ.ಮೀ. ವೇಗದಲ್ಲಿ: 400 ಕಿಲೋನ್ಯೂಟನ್.
ಗಂಟೆಗೆ 50 ಕಿ.ಮೀ. ವೇಗದಲ್ಲಿ: 180 ಕಿಲೋನ್ಯೂಟನ್.
ಗಂಟೆಗೆ 100 ಕಿ.ಮೀ. ವೇಗದಲ್ಲಿ: 90 ಕಿಲೋನ್ಯೂಟನ್.

ಇಂಜಿನ್ ಮೂರರಲ್ಲೂ ಅದೇ 904 ಆರ್‌ಪಿಎಂ, ಅದೇ ಸದ್ದು. ವೇಗ ಕಡಿಮೆ ಇದ್ದಾಗ ಬಲ ಜಾಸ್ತಿ, ವೇಗ ಏರಿದಂತೆ ಬಲ ಕಡಿಮೆ. ಬಸ್ಸಿನ ಐದು ಗೇರು ಐದು ಮೆಟ್ಟಿಲಿನಲ್ಲಿ ಮಾಡುವುದನ್ನು ಇದು ಮೆಟ್ಟಿಲಿಲ್ಲದ ಇಳಿಜಾರಿನಂತೆ ಮಾಡುತ್ತದೆ. ಲೋಕೋದ ಕಂಪ್ಯೂಟರ್ ಆಲ್ಟರ್ನೇಟರ್‌ನ ರೋಟರ್‌ಗೆ ಕೊಡುವ ಫೀಲ್ಡ್ ಕರೆಂಟನ್ನು ಕ್ಷಣಕ್ಷಣಕ್ಕೂ ಹೊಂದಿಸುತ್ತದೆ. ಇಂಜಿನ್ನಿಗೆ ಭಾರ ಜಾಸ್ತಿಯಾಗುತ್ತಿದೆಯಾ, ಫೀಲ್ಡ್ ಇಳಿಸು. ಇನ್ನೂ ತಾಕತ್ತಿದೆಯಾ, ಏರಿಸು. ಬಸ್ಸಿನಲ್ಲಿ ಡ್ರೈವರ್ ಗೇರ್ ಲಿವರಿನಿಂದ ಮಾಡುವುದನ್ನು ಇಲ್ಲಿ ಕೆಲವು ಆಂಪಿಯರ್ ಫೀಲ್ಡ್ ಕರೆಂಟ್ ಮಾಡುತ್ತದೆ.

ಬಲ ಇದ್ದರೆ ಸಾಲದು, ಹಿಡಿತ ಬೇಕು

ಉಕ್ಕಿನ ಹಳಿ ಮೇಲೆ ಉಕ್ಕಿನ ಗಾಲಿ. ಎಷ್ಟೇ ಟಾರ್ಕ್ ಕೊಟ್ಟರೂ ಗಾಲಿ ಜಾರಿದರೆ ಮುಗೀತು. ಡಬ್ಲ್ಯೂಡಿಎಂ-2ನ ತೂಕ ಸುಮಾರು 113 ಟನ್. ಅದು ಹೊರಡುವಾಗ ತನ್ನ ತೂಕದ ಶೇ. 27ರಷ್ಟು ಬಲದಿಂದ ಎಳೆಯುತ್ತಿತ್ತು. ಡಬ್ಲ್ಯೂಡಿಜಿ-4ನ ತೂಕ 126 ಟನ್, ಹೊರಡುವ ಬಲ 540 ಕಿಲೋನ್ಯೂಟನ್. ಭಾಗಿಸಿ ನೋಡಿ, ಶೇ. 43ರ ಮೇಲೆ! ಹಳಿ ಅದೇ, ಉಕ್ಕು ಅದೇ. ಹೆಚ್ಚಿಗೆ ಹಿಡಿತ ಎಲ್ಲಿಂದ ಬಂತು?

ಗಾಲಿ ನೆಲದ ವೇಗಕ್ಕಿಂತ ಒಂಚೂರು ಜಾಸ್ತಿ ತಿರುಗಿದಾಗ ಹಿಡಿತ ಅತಿ ಹೆಚ್ಚು, ಅದಕ್ಕಿಂತ ಜಾಸ್ತಿಯಾದರೆ ಜಾರಿಕೆ. ಆ ಗೆರೆಯ ಮೇಲೆಯೇ ನಿಲ್ಲಿಸಬೇಕು. ಅದಕ್ಕೆ ಲೋಕೋದ ಕೆಳಗೆ ಒಂದು ರೇಡಾರ್ ಇದೆ. ಅದು ನೆಲವನ್ನು ನೋಡಿ ನಿಜವಾದ ವೇಗ ಅಳೆಯುತ್ತದೆ. ಕಂಪ್ಯೂಟರ್ ಅದನ್ನು ಮೋಟಾರಿನ ವೇಗಕ್ಕೆ ಹೋಲಿಸಿ ಇನ್ವರ್ಟರನ್ನು ಹದಮಾಡುತ್ತದೆ. ಮಳೆಗಾಲದಲ್ಲಿ ಹಳಿ ಒದ್ದೆಯಾದಾಗ ಹಳೆಯ ಉಪಾಯವೂ ಉಂಟು: ಗಾಲಿಯ ಮುಂದೆ ಮರಳು ಉದುರಿಸುವುದು.

ದೂಧಸಾಗರದ ಏರಿನಲ್ಲಿ ಒಂದು ಲೆಕ್ಕ

ಇದೆಲ್ಲದರ ನಿಜವಾದ ಪರೀಕ್ಷೆ ನಮ್ಮ ಹತ್ತಿರವೇ ಇದೆ. ಹುಬ್ಬಳ್ಳಿಯಿಂದ ಗೋವಾ ಕಡೆ ಹೋದರೆ ಕ್ಯಾಸಲ್‌ರಾಕ್ ಮತ್ತು ಕುಳೆಂ ನಡುವೆ ಬ್ರಗಾಂಝಾ ಘಾಟ್, ದೂಧಸಾಗರ ಜಲಪಾತದ ಪಕ್ಕದ ದಾರಿ. ಏರು 37ಕ್ಕೆ 1. ಅಂದ್ರೆ ಒಂದು ಕಿಲೋಮೀಟರಿಗೆ 27 ಮೀಟರ್. ಮುರ್ಮುಗಾವ್ ಬಂದರಿನಿಂದ ಕರ್ನಾಟಕಕ್ಕೆ ಬರುವ ಕಲ್ಲಿದ್ದಲು ಈ ಏರು ಹತ್ತಿಯೇ ಬರಬೇಕು.

ಐದು ಸಾವಿರ ಟನ್ನಿನ ಗಾಡಿ ಹಿಡಿಯಿರಿ. ಸಪಾಟು ಹಳಿಯಲ್ಲಿ ಟನ್ನಿಗೆ ಸುಮಾರು 20 ನ್ಯೂಟನ್ ಸಾಕು, ಒಟ್ಟು 100 ಕಿಲೋನ್ಯೂಟನ್. ಒಂದೇ ಲೋಕೋ ಆರಾಮಾಗಿ ಎಳೆಯುತ್ತದೆ. 37ಕ್ಕೆ 1 ಏರಿನಲ್ಲಿ ಗುರುತ್ವವೇ ಟನ್ನಿಗೆ 265 ನ್ಯೂಟನ್ ಹಿಂದಕ್ಕೆ ಜಗ್ಗುತ್ತದೆ, ಒಟ್ಟು ಸುಮಾರು 1,325 ಕಿಲೋನ್ಯೂಟನ್. ನಾಲ್ಕು ಲೋಕೋಗಳ ಸ್ವಂತ ತೂಕಕ್ಕೆ ಇನ್ನೊಂದು 134. ಉರುಳುವಾಗಿನ ತಡೆಗೆ 110. ಒಟ್ಟು ಹತ್ತಿರ ಹತ್ತಿರ 1,570. ನಾಲ್ಕು ಲೋಕೋ ನಿರಂತರವಾಗಿ 400ರಂತೆ ಎಳೆದರೆ 1,600. ಬರಿ ಕಾಗದದ ಲೆಕ್ಕದಲ್ಲಿ ನಾಲ್ಕು ಲೋಕೋ, ಅದೂ ಕೈಯಲ್ಲಿ ಏನೂ ಉಳಿಯದಂತೆ. ವೇಗ ಗಂಟೆಗೆ 22 ಕಿಲೋಮೀಟರ್ ಅಷ್ಟೇ.

ಎಲ್ಲವನ್ನೂ ಮುಂದೆ ಕಟ್ಟಿದರೆ ಮೊದಲ ವ್ಯಾಗನ್ನಿನ ಕೊಂಡಿಯ ಮೇಲೆ ಇಡೀ ಗಾಡಿಯ ಎಳೆತ ಬೀಳುತ್ತದೆ, ಕೊಂಡಿ ತುಂಡಾದೀತು. ಅದಕ್ಕೇ ಕೆಲವು ಲೋಕೋಗಳು ಹಿಂದಿನಿಂದ ನೂಕುತ್ತವೆ. ಅವಕ್ಕೆ ಬ್ಯಾಂಕರ್ ಅಂತಾರೆ.

ಇಳಿಯುವಾಗ, ಮತ್ತು ಆ ಪ್ರಶ್ನೆಗೆ ಉತ್ತರ

ಹತ್ತುವುದಕ್ಕಿಂತ ಇಳಿಯುವುದು ಅಪಾಯ. ಅದೇ ಐದು ಸಾವಿರ ಟನ್ ಇಳಿಯುವಾಗ ಪ್ರತಿ ಕಿಲೋಮೀಟರಿಗೆ ಬಿಟ್ಟುಕೊಡುವ ಶಕ್ತಿ ಸುಮಾರು 368 ಯೂನಿಟ್. ಗೃಹಜ್ಯೋತಿಯ ತಿಂಗಳ ಮಿತಿ 200 ಯೂನಿಟ್ ಅಂತ ನೆನಪಿಟ್ಟುಕೊಂಡು ಹೋಲಿಸಿ. ಅದನ್ನೆಲ್ಲ ಬ್ರೇಕ್ ಬ್ಲಾಕ್ ಒತ್ತಿಯೇ ಕರಗಿಸಿದರೆ ಗಾಲಿ ಕೆಂಪಗೆ ಕಾದೀತು, ಬ್ರೇಕ್ ಹಿಡಿಯದೆ ಹೋದೀತು.

ಅದಕ್ಕೆ ಡೈನಾಮಿಕ್ ಬ್ರೇಕ್. ಗಾಲಿ ಮೋಟಾರನ್ನು ತಿರುಗಿಸುತ್ತದೆ, ಮೋಟಾರ್ ಜನರೇಟರ್ ಆಗುತ್ತದೆ, ಕರೆಂಟ್ ಇನ್ವರ್ಟರ್ ಮೂಲಕ ಡಿಸಿ ಲಿಂಕಿಗೆ ವಾಪಸ್ ಬಂದು ಮೇಲಿರುವ ದೊಡ್ಡ ರೆಸಿಸ್ಟರ್ ಗ್ರಿಡ್‌ಗಳಲ್ಲಿ ಉರಿದುಹೋಗುತ್ತದೆ. ಫ್ಯಾನು ಆ ಬಿಸಿಯನ್ನು ಆಕಾಶಕ್ಕೆ ಊದುತ್ತದೆ. ಒಂದು ಡಬ್ಲ್ಯೂಡಿಜಿ-4 ಹೀಗೆ 270 ಕಿಲೋನ್ಯೂಟನ್‌ವರೆಗೆ ಹಿಡಿದು ನಿಲ್ಲಿಸಬಲ್ಲದು. ಉಳಿದದ್ದಕ್ಕೆ ಏರ್ ಬ್ರೇಕ್.

ಈಗ ಶೆಡ್‌ನ ಪ್ರಶ್ನೆ. ಡಿಸಿ ಲಿಂಕಿಗೆ ಆ ಗ್ರಿಡ್‌ಗಳು ಜೋಡಣೆಯಾಗಿವೆ ಅಂದ ಮೇಲೆ, ಇನ್ವರ್ಟರ್ ಬಂದ್ ಇಟ್ಟು ಆಲ್ಟರ್ನೇಟರ್‌ನ ಶಕ್ತಿಯನ್ನೆಲ್ಲ ಅವುಗಳಿಗೇ ಹರಿಸಿದರೆ? ಗಾಲಿ ನಿಂತೇ ಇರುತ್ತದೆ, ಇಂಜಿನ್ ಪೂರ್ತಿ ಲೋಡಿನಲ್ಲಿ ದುಡಿಯುತ್ತದೆ. ಇದಕ್ಕೆ ಸೆಲ್ಫ್ ಲೋಡ್ ಟೆಸ್ಟ್ ಅಂತಾರೆ. ರಿಪೇರಿಯಾದ ಲೋಕೋ ದಾರಿಯಲ್ಲಿ ಕೈಕೊಡುವ ಮೊದಲು ಶೆಡ್‌ನಲ್ಲೇ ಅದರ ಪೂರ್ಣ ಶಕ್ತಿ ಪರೀಕ್ಷಿಸುವ ವಿಧಾನ ಇದು. ಆ ಹಿರಿಯರು ಕೊನೆಗೆ ಬೆರಳು ಮೇಲೆ ಮಾಡಿ ತೋರಿಸಿದ್ದು ಅದನ್ನೇ. ಲೋಕೋದ ಮೇಲಿನ ಗಾಳಿ ಬಿಸಿಗೆ ನಡುಗುತ್ತಿತ್ತು. ‘ಅಲ್ಲಿ ಹೊಂಟೈತಿ ನೋಡ್ರಿ ನಾಲ್ಕು ಸಾವಿರ’ ಅಂದರು.

‘ಡೀಸೆಲ್ ಮುಗೀತಲ್ಲಪಾ?’

ಜೂನಿಯರ್ಸ್ ಈ ವಿಸಿಟ್ ಬೇಡ ಅನ್ನುವುದು ಇದೇ ಕಾರಣಕ್ಕೆ. ಮಾತಿನಲ್ಲಿ ಸತ್ಯ ಇದೆ. ಬ್ರಾಡ್‌ಗೇಜ್ ಜಾಲ ಬಹುತೇಕ ವಿದ್ಯುದೀಕರಣ ಆಗಿದೆ. ಘಟ್ಟ ಇಳಿಯುವಾಗ ಡೀಸೆಲ್ ಲೋಕೋ ಆಕಾಶಕ್ಕೆ ಊದುವ ಶಕ್ತಿಯನ್ನು ಎಲೆಕ್ಟ್ರಿಕ್ ಲೋಕೋ ತಂತಿಗೆ ವಾಪಸ್ ಕೊಡುತ್ತದೆ. ಆ ಲೆಕ್ಕದಲ್ಲಿ ಡೀಸೆಲ್ ಸೋತದ್ದು ನ್ಯಾಯವೇ.

ಆದರೆ ಡಬ್ಲ್ಯೂಎಜಿ-9 ಎಲೆಕ್ಟ್ರಿಕ್ ಲೋಕೋ ಬಿಚ್ಚಿ ನೋಡಿ. ಮೇಲೆ 25 ಕಿಲೋವೋಲ್ಟ್ ತಂತಿ, ಟ್ರಾನ್ಸ್‌ಫಾರ್ಮರ್, ಕನ್ವರ್ಟರ್. ಆಮೇಲೆ? ಡಿಸಿ ಲಿಂಕ್, ಇನ್ವರ್ಟರ್, ಮೂರು ಫೇಸ್ ಇಂಡಕ್ಷನ್ ಮೋಟಾರ್. ಬದಲಾದದ್ದು ಪವರ್‌ಹೌಸ್ ಮಾತ್ರ, ಅದು ಗಾಡಿಯಿಂದ ಇಳಿದು ರಾಯಚೂರಿಗೋ ಶರಾವತಿಗೋ ಹೋಗಿದೆ. ರಸ್ತೆಯ ಎಲೆಕ್ಟ್ರಿಕ್ ಕಾರಿನಲ್ಲೂ ಬ್ಯಾಟರಿಯ ಆಚೆ ಇರುವುದು ಅದೇ ಇನ್ವರ್ಟರ್, ಮೋಟಾರ್. ಡೀಸೆಲ್ ಲೋಕೋಗಳು ವಾರಾಣಸಿಯಿಂದ ಶ್ರೀಲಂಕಾ, ಬಾಂಗ್ಲಾದೇಶ, ಮೊಜಾಂಬಿಕ್‌ಗೆ ರಫ್ತಾಗಿವೆ. ತಂತಿ ಇಲ್ಲದ ಕಡೆ, ತಂತಿ ಕಡಿದ ದಿನ, ಕೈಗೆ ಬರುವುದು ಇವೇ.

ನನಗೆ ಇದರಿಂದ ಆದ ಲಾಭ ಬೇರೆ. ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಅಂತ ನಾವು ಬೇರೆ ಬೇರೆ ಕಟ್ಟಡದಲ್ಲಿ ಓದುವುದು ಆ ಒಂದು ಪೆಟ್ಟಿಗೆಯೊಳಗೆ ಒಂದೇ ಶಾಫ್ಟಿಗೆ ಬಿದ್ದಿದೆ. ಅರ್ಧ ಗೊತ್ತಿದ್ದವರು ಅಲ್ಲಿ ನನ್ನ ಹಾಗೆ ಕ್ಲಚ್ ಹುಡುಕುತ್ತಾರೆ. ಮುಂದಿನ ಬ್ಯಾಚ್ ಹೋಗುವಾಗ ಬ್ರ್ಯಾಂಚ್ ಬೆರೆಸಿ ಗುಂಪು ಮಾಡಿಕೊಂಡು ಹೋಗಿ, ಪ್ರಶ್ನೆ ಬರೆದುಕೊಂಡು ಹೋಗಿ.

ನೀವೇ ಮಾಡಿ ನೋಡಿ

ಒಂದು ಡಬ್ಲ್ಯೂಡಿಜಿ-4 ಎರಡು ಸಾವಿರ ಟನ್ನಿನ ಗಾಡಿಯನ್ನು 100ಕ್ಕೆ 1 ಏರಿನಲ್ಲಿ ಎಂಟನೇ ನಾಚ್‌ನಲ್ಲಿ ಎಳೆಯುತ್ತಿದೆ. ಗಾಲಿಗೆ ಸಿಗುವ ಶಕ್ತಿ 2,500 ಕಿಲೋವ್ಯಾಟ್, ಉರುಳುವಾಗಿನ ತಡೆ ಟನ್ನಿಗೆ 20 ನ್ಯೂಟನ್. ಗಾಡಿ ಯಾವ ವೇಗದಲ್ಲಿ ಸ್ಥಿರವಾಗುತ್ತದೆ? ಲೋಕೋದ 126 ಟನ್ ಸೇರಿಸಲು ಮರೆಯಬೇಡಿ. ಉತ್ತರ ಗಂಟೆಗೆ 36 ಕಿಲೋಮೀಟರ್ ಹತ್ತಿರ ಬಂದರೆ ನಿಮಗೆ ಈ ಪಾಠ ಹತ್ತಿದೆ ಅಂತ ಅರ್ಥ. ಬರದಿದ್ದರೆ ಕ್ಯಾಂಟೀನಿನಲ್ಲಿ ಸಿಗ್ರಿ, ಚಹಾ ಕುಡಕೋತ ಬಿಡಸೂಣು.